ಲುಸೆಯಾನೆಯ ಹೆಸರಿನ ಕೆಳಗಿದ್ದ ಮಾತು

ಆಸ್ಪತ್ರೆಯ ಕಾಗದವನ್ನು ಮೆಲೆನೈಟೆ ಕದ್ದು ಓದಲಿಲ್ಲ. ಸೊಸೆ ಲುಸೆಯಾನೆಯ ಕೋಟನ್ನು ಒಗೆಯಲು ಹಾಕುವಾಗ ಅದು ಜೇಬಿನಿಂದ ಬಿತ್ತು. ಟೋಂಗಾ ಬಿಟ್ಟು ಆಕ್ಲೆಂಡಿಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಆಕೆಯ ಇಂಗ್ಲಿಷು ಅಂಗಡಿ, ಬಸ್ಸು, ಚರ್ಚಿಗೆ ಸಾಲುವಷ್ಟೇ. ಸೊಸೆಯ ಹೆಸರಿನ ಕೆಳಗೆ ಎರಡು ಪದಗಳಿದ್ದವು. ಒಂದು, ಪಾದ್ರಿಗಳು ವೇದಿಕೆಯ ಮೇಲಿಂದ ಪಾಪವೆಂದು ಗುಡುಗುತ್ತಿದ್ದ ಅಬಾರ್ಷನ್. ಇನ್ನೊಂದು, ಹ್ಯಾಬಿಚುಯಲ್. ಅದನ್ನು ಚೀಟಿಯಲ್ಲಿ ಬರೆದುಕೊಂಡು ಪಕ್ಕದ ಮನೆಯ ಸೀನಿಯನ್ನು ಕೇಳಿದಳು.

"ಇದಾ? ಚಾಳಿ ಅಂತ ಕಣೇ. ನನ್ ಗಂಡನ ಇಸ್ಪೀಟಿನ ಥರ. ಬಿಡು ಅಂದ್ರೂ ಬಿಡಲ್ಲ," ಎಂದಳು ಸೀನಿ.

ಗರ್ಭಪಾತದ ಚಾಳಿ! ಮೂರು ಸಲ ಸೊಸೆಯ ಬಸಿರು ಹೋದಾಗ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತವಳು ಮೆಲೆನೈಟೆ. ಆ ಅಳುವೆಲ್ಲ ನಾಟಕವೇ? ಒಂಬತ್ತು ದಿನ ಸೊಸೆ ಬಡಿಸಿದ್ದು ಗಂಟಲಲ್ಲಿ ಇಳಿಯಲಿಲ್ಲ. ಮಗ ಸೆಮಿಸಿಗೆ ಹೇಳಿದರೆ ಮನೆ ಒಡೆಯುತ್ತದೆ. ಹೇಳದಿದ್ದರೆ? ಲುಸೆಯಾನೆಗೆ ಈಗ ಮತ್ತೆ ಮೂರು ತಿಂಗಳು. ತಪಾಸಣೆಯ ದಿನ ಮೆಲೆನೈಟೆ ತಾನೂ ಹೊರಟಳು.

ಆಸ್ಪತ್ರೆಯ ನರ್ಸ್ ಕಲೊಲೈನೆ ಟೋಂಗಾದವಳೇ. ಸೊಸೆ ರಕ್ತಪರೀಕ್ಷೆಗೆ ಒಳಗೆ ಹೋದದ್ದೇ ತಡ, ಮೆಲೆನೈಟೆ ಕಾಗದವನ್ನು ಮುಂದೆ ಹಿಡಿದಳು.

"ನಿಜ ಹೇಳು ಮಗಳೇ. ಇವಳು ಎಷ್ಟು ಸಲ ತೆಗೆಸ್ಕೊಂಡಿದ್ದಾಳೆ?"

ಕಲೊಲೈನೆ ಓದಿ ಹಣೆ ಚಚ್ಚಿಕೊಂಡಳು. "ಅಯ್ಯೋ ಅಮ್ಮಾ, ಒಂದ್ಸಲಾನೂ ಇಲ್ಲ! ತಾನಾಗಿ ಹೋದ್ರೂ ಡಾಕ್ಟರ ಪುಸ್ತಕದಲ್ಲಿ ಅಬಾರ್ಷನ್ ಅಂತಾನೇ ಹೆಸರು. ಮೂರು ಸಲ ಹೋದ್ರೆ ಹಿಂಗೆ ಚಾಳಿ ಅಂತಾನೂ ಸೇರಿಸ್ತಾರೆ. ಬದಲಾಯಿಸಿ ಅಂತ ಎರಡು ಸಲ ಕೇಳಿದೀನಿ. ಶಾಸ್ತ್ರದ ಮಾತು, ಬೈಗುಳ ಅಲ್ಲ ಅಂತಾರೆ."

ಮೆಲೆನೈಟೆ ಕುರ್ಚಿಯಲ್ಲಿ ಕುಸಿದು ಕುಳಿತಳು. ಎದೆಯ ಮೇಲಿನ ಬಂಡೆ ಇಳಿದಂತಾಗಿ ನಗು, ಅಳು ಎರಡೂ ಒಟ್ಟಿಗೇ ಬಂದವು. ಸೊಸೆ ಹೊರಬಂದ ಕೂಡಲೇ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟಳು.

ಲುಸೆಯಾನೆ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕುಳಿತು, "ಅದಕ್ಕಾ ಅತ್ತೆ ಊಟ ಬಿಟ್ಟಿದ್ದು? ಉಪ್ಪು ಜಾಸ್ತಿ ಆಯ್ತೇನೋ ಅಂತ ದಿನಾ ಕಮ್ಮಿ ಮಾಡ್ತಾ ಬಂದೆ. ನಿಮ್ಮ ಮಗ ಸಪ್ಪೆ ತಿಂದೂ ತಿಂದೂ ಸಾಕಾಗಿದ್ದಾರೆ," ಎಂದಳು. ನಂತರ ದನಿ ತಗ್ಗಿಸಿ, "ಅದನ್ನ ಓದಿದಾಗ ನನಗೂ ನನ್ನದೇ ತಪ್ಪೇನೋ ಅನ್ನಿಸ್ತು. ಅದಕ್ಕೇ ಬಚ್ಚಿಟ್ಟಿದ್ದೆ," ಎಂದಳು.

ಮೆಲೆನೈಟೆ ನರ್ಸಿನ ಕಡೆ ತಿರುಗಿದಳು. "ಆ ಡಾಕ್ಟರುಗಳು ಎಲ್ಲರೂ ಸೇರೋದು ಯಾವತ್ತು?"

ಕಲೊಲೈನೆ ಹಿರಿಯ ಡಾಕ್ಟರ ಅನುಮತಿ ಕೇಳಿದಳು. ಮುಂದಿನ ಗುರುವಾರ ಮೆಲೆನೈಟೆ, ಚರ್ಚಿಗೆ ಹೋಗುವಾಗಿನಂತೆ ಟೋಂಗಾದವರು ಗೌರವಕ್ಕೆ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿ ಬಿಗಿದುಕೊಂಡು, ವೈದ್ಯರ ಸಭೆಯಲ್ಲಿ ನಿಂತಳು. ಆಕೆಯ ಮಾತನ್ನು ಕಲೊಲೈನೆ ಇಂಗ್ಲಿಷಿನಲ್ಲಿ ಹೇಳಿದಳು.

"ನಮ್ಮಲ್ಲಿ ಬಿತ್ತು ಅನ್ನೋದು ಬೇರೆ, ಬೀಳಿಸಿದಳು ಅನ್ನೋದು ಬೇರೆ. ನೀವು ಎರಡಕ್ಕೂ ಒಂದೇ ಪದ ಬರೀತೀರಿ. ಅದನ್ನ ಓದಿ ನಾನು ಒಂಬತ್ತು ದಿನ ಮಗಳಂಥವಳನ್ನ ಕೊಲೆಗಾತಿ ಅಂದ್ಕೊಂಡೆ."

ಹಿರಿಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಂತ ಬರೆಯೋಣ ಹೇಳಿ."

"ಮೂರು ಮಕ್ಕಳನ್ನ ಕಳ್ಕೊಂಡ ತಾಯಿ ಅಂತ ಬರೀರಿ."

"ಫಾರಂನ ಕಾಲಂನಲ್ಲಿ ಅಷ್ಟು ಹಿಡಿಸಲ್ಲ," ಎಂದಳೊಬ್ಬ ಕಿರಿಯ ವೈದ್ಯೆ.

"ಕಾಲಂ ದೊಡ್ಡದು ಮಾಡಿ ತಾಯಿ. ಅದಕ್ಕೇನು ಹೆರಿಗೆ ನೋವಾ?"

ಮೊದಲು ನಕ್ಕವರು ಹಿರಿಯ ಡಾಕ್ಟರೇ. ಸಾಕಷ್ಟು ಚರ್ಚೆಯಾಗಿ ಕೊನೆಗೆ 'ಮರುಕಳಿಸಿದ ಗರ್ಭನಷ್ಟ' ಎಂಬ ಹೆಸರು ನಿಗದಿಯಾಯಿತು. ಹೊಸ ಫಾರಂ ಅಚ್ಚಾಗಿ ಬರಲು ಮೂರು ತಿಂಗಳು ಹಿಡಿಯಿತು. ಆದರೆ ಲುಸೆಯಾನೆಯ ಫೈಲನ್ನು ಹಿರಿಯ ಡಾಕ್ಟರು ಅಂದೇ ತರಿಸಿ, ಹಳೆಯ ಮಾತನ್ನು ತಾವೇ ಹೊಡೆದುಹಾಕಿದರು.

ಆರನೆಯ ತಿಂಗಳ ತಪಾಸಣೆ ಮುಗಿಸಿ ಬರುವಾಗ ಬಸ್ಸಿನಲ್ಲಿ ಲುಸೆಯಾನೆ ಅತ್ತೆಯ ಭುಜಕ್ಕೊರಗಿ ನಿದ್ದೆಹೋದಳು. ಮಗುವಿನ ಎದೆಬಡಿತ ಚೆನ್ನಾಗಿದೆ ಎಂದು ಕಲೊಲೈನೆ ಹೇಳಿ ಕಳಿಸಿದ್ದಳು. ಇಳಿಯುವ ಸ್ಟಾಪು ಬಂತು, ಹೋಯಿತು. ಮೆಲೆನೈಟೆ ಸೊಸೆಯನ್ನು ಎಬ್ಬಿಸಲಿಲ್ಲ.