ಮರದ ವಯಸ್ಸು

ಪತ್ರ ಬಂದದ್ದು ಸೋಮವಾರ, ಮೂರನೆಯ ಪೀರಿಯಡ್ಡಿನ ನಡುವೆ. ಹೆಡ್ ಮೇಡಂ ಅದನ್ನು ಕೈಯಲ್ಲಿ ಬೀಸಿಕೊಂಡೇ ನಾಲ್ಕನೆಯ ತರಗತಿಗೆ ನುಗ್ಗಿದರು. ಮಕ್ಕಳು ಎದ್ದು ನಿಂತು, ನಮಸ್ಕಾರ ಹೇಳಿ, ಮತ್ತೆ ಕೂರುವಷ್ಟರಲ್ಲಿ ಅರ್ಧ ಓದಿಯೇ ಮುಗಿಸಿದ್ದರು. ಅಂಗಳದ ಮರವನ್ನು ಊರಿನ ಹಳೆಯ ಮರಗಳ ಪಟ್ಟಿಗೆ ಸೇರಿಸುತ್ತಾರಂತೆ. ಗುರುವಾರ ಬೆಳಿಗ್ಗೆ ಇಲಾಖೆಯ ಅಧಿಕಾರಿ ಬಂದು ಮರದ ವಯಸ್ಸನ್ನೊಮ್ಮೆ ಪರೀಕ್ಷಿಸಿದರೆ ಮುಗಿಯಿತು, ಬುಡದಲ್ಲಿ ಹಿತ್ತಾಳೆಯ ಫಲಕ ನಿಲ್ಲುತ್ತದೆ.

“ಇದೆಲ್ಲ ನಿಮ್ಮ ಟೀಚರ್ ಹೇಳಿಕೊಟ್ಟಿದ್ದರ ಫಲ. ಜೋರಾಗಿ ಚಪ್ಪಾಳೆ ಹೊಡೀರಿ,” ಎಂದರು.

ಮಕ್ಕಳು ಬೆಂಚು ಅಲ್ಲಾಡುವಂತೆ ಚಪ್ಪಾಳೆ ಹೊಡೆದರು. ಟೀಚರ್ ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ನಕ್ಕಳು. ಆದರೆ ಆ ಮರಕ್ಕೆ ನೂರು ವರ್ಷ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ, ಯಾವ ಹಿರಿಯರೂ ಹೇಳಿರಲಿಲ್ಲ. ಆ ನೂರು ವರ್ಷವನ್ನು ಹುಟ್ಟಿಸಿದವಳು ಆಕೆಯೇ.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ತಾನೇ ಕೆಲಸಕ್ಕೆ ಸೇರಿದ್ದಳು. ಮಕ್ಕಳೋ ಬಿಡುವು ಸಿಕ್ಕಿದರೆ ಸಾಕು, ಕೈವಾರದ ಮುಳ್ಳಿನಿಂದ ಮರದ ತೊಗಟೆ ಸುಲಿಯುತ್ತಿದ್ದರು, ಹೆಸರು ಕೆತ್ತುತ್ತಿದ್ದರು. ಗದರಿದಳು, ಬೆಂಚಿನ ಮೇಲೆ ನಿಲ್ಲಿಸಿದಳು, ಕೇಳುವವರು ಯಾರು? ಒಂದು ಮಧ್ಯಾಹ್ನ ತಾಳ್ಮೆ ಕೆಟ್ಟು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: ಈ ಮರಕ್ಕೆ ನೂರು ವರ್ಷ, ನಮ್ಮ ಶಾಲೆಯ ಮೊದಲನೇ ಮೇಷ್ಟ್ರು ನೆಟ್ಟಿದ್ದು, ಆ ವರ್ಷ ಮಳೆ ಕೈಕೊಟ್ಟಾಗ ಒಂದೊಂದು ಮಗುವೂ ಮನೆಯಿಂದ ಒಂದೊಂದು ಚೊಂಬು ನೀರು ತಂದು ಇದನ್ನು ಉಳಿಸಿಕೊಂಡಿತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಮಾರನೆಯ ದಿನದಿಂದ ಒಂದು ಕೈವಾರವೂ ಮರದ ಹತ್ತಿರ ಸುಳಿಯಲಿಲ್ಲ.

ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಈಕೆಗೆ ಹೇಳುವ ಚಪಲ, ಮಕ್ಕಳಿಗೆ ಕೇಳುವ ಚಪಲ. ವರ್ಷಕ್ಕೊಂದಿಷ್ಟು ಉಪ್ಪುಖಾರ ಸೇರುತ್ತಾ ಹೋಯಿತು. ಮೇಷ್ಟ್ರಿಗೆ ಒಂದು ಕುಂಟುಗಾಲು ಬಂತು, ಒಂದು ಹರಕು ಕೊಡೆ ಬಂತು. ಹೋಗಲಿ ಎಂದರೆ, ಆ ಕಥೆಗೆ ತಕ್ಕ ಪದ್ಧತಿಯೂ ಹುಟ್ಟಿಕೊಂಡಿತು. ಶಾಲೆ ಶುರುವಾಗುವ ವಾರ ಒಂದನೆಯ ತರಗತಿಯ ಮಕ್ಕಳು ಸಾಲಾಗಿ ಬಂದು ಬುಡಕ್ಕೆ ಒಂದೊಂದು ಮಗ್ ನೀರು ಹಾಕಬೇಕು, ನಾಲ್ಕನೆಯ ತರಗತಿಯ ಒಬ್ಬರು ನಿಂತು ಕಥೆ ಹೇಳಬೇಕು. ಈಗ ಇಡೀ ಬೀದಿಗೆ ಅದು ‘ಹಿಂದಿನಿಂದಲೂ ನಡೆದುಕೊಂಡು ಬಂದದ್ದು’.

ಇಲಾಖೆಗೆ ಪತ್ರ ಬರೆದವಳು ಪ್ರಶ್ನೆಪತ್ರಿಕೆ. ಹಾಗೆಂದು ಶಿಕ್ಷಕರ ಕೋಣೆಯಲ್ಲಿ ಇಟ್ಟ ಹೆಸರು; ಎರಡನೇ ಬೆಂಚಿನ ಆ ಹುಡುಗಿ ಪ್ರಶ್ನೆ ಕೇಳಿ ಕೇಳಿ ಎಲ್ಲರ ತಲೆ ತಿನ್ನುತ್ತಿದ್ದಳು. ಎರೆಹುಳಕ್ಕೆ ಕಣ್ಣಿಲ್ಲದಿದ್ದರೆ ಬೆಳಗಾದದ್ದು ಹೇಗೆ ಗೊತ್ತಾಗುತ್ತದೆ, ರಾಜರು ಸತ್ತ ತಾರೀಕನ್ನು ಬರೆದಿಟ್ಟವರು ಯಾರು. ತನಗೆ ಅರ್ಧ ಅಂಕ ಹೆಚ್ಚು ಬಿದ್ದಿದೆ ಎಂದು ಉತ್ತರಪತ್ರಿಕೆ ವಾಪಸು ತಂದುಕೊಟ್ಟವಳು ಅವಳು. ‘ಅಧಿಕಾರಿಗೊಂದು ಪತ್ರ’ ಎಂಬ ಪಾಠಕ್ಕೆ ಎಲ್ಲರೂ ಬೀದಿದೀಪ, ಚರಂಡಿ ಎಂದು ಬರೆದರೆ ಇವಳು ಮರದ ಬಗ್ಗೆ ಬರೆದಳು. ಹೆಡ್ ಮೇಡಂ ಖುಷಿಯಾಗಿ ನಿಜವಾಗಿಯೂ ಅಂಚೆಗೆ ಹಾಕಿದರು. ಅದರ ಕೊನೆಯ ಸಾಲು ಟೀಚರಿಗೆ ಬಾಯಿಪಾಠವಾಗಿತ್ತು: “ಇದನ್ನು ನಮ್ಮ ಟೀಚರ್ ಹೇಳಿದ್ದಾರೆ, ಆದ್ದರಿಂದ ಇದು ನಿಜ.”

ಸಂಜೆ ಮನೆಯಲ್ಲಿ ಅಕ್ಕನ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಅಕ್ಕ ಔಷಧಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಮಾತ್ರೆ ಕತ್ತರಿಸಿ ಕೊಟ್ಟವಳು, ಯಾವುದಕ್ಕೂ ಗಾಬರಿಯಾಗುವವಳಲ್ಲ.

“ಚಿಕ್ಕವಳಿದ್ದಾಗ ಪಕ್ಕದ ಮನೆ ಬೆಕ್ಕು ಮಾತಾಡುತ್ತೆ ಅಂತ ನನ್ನನ್ನೇ ನಂಬಿಸಿದ್ದೆ ನೀನು,” ಎಂದಳು ಅಕ್ಕ, ಬಟ್ಟೆ ಮಡಚುತ್ತಾ. “ಈಗೇನು, ಬಂದವರು ಮರ ನೋಡ್ತಾರೆ, ದಪ್ಪ ಇದೆ ಅಂತಾರೆ, ಹೋಗ್ತಾರೆ.”

“ಇಲ್ಲ ಕಣೇ. ಸಣ್ಣ ತೂತು ಕೊರೆದು ಒಳಗಿನ ಉಂಗುರ ಎಣಿಸ್ತಾರಂತೆ.”

“ಉಂಗುರ ಎಣಿಸೋಕೆ ಮಕ್ಕಳಿಗೆ ಗೊತ್ತಾ?”

“ನಾನೇ ಹೇಳಿಕೊಟ್ಟಿದ್ದೀನಿ.”

ಅಕ್ಕ ಮಡಚುವುದನ್ನು ನಿಲ್ಲಿಸಿ ತಂಗಿಯ ಮುಖ ನೋಡಿದಳು. ಆಮೇಲೆ ನಗೆ ತಡೆಯಲಾರದೆ ಸೀರೆಯನ್ನು ಬಾಯಿಗೆ ಒತ್ತಿಕೊಂಡಳು. ಟೀಚರಿಗೆ ಅಳು ಬಂತು.

ಹೇಳಿಕೊಟ್ಟದ್ದಂತೂ ಹೌದು. ಮರ ಕೊಯ್ಯುವ ಮಿಲ್ಲಿನಿಂದ ತಟ್ಟೆಯಗಲದ ಒಂದು ಬಿಲ್ಲೆ ತಂದು ಮೇಜಿನ ಮೇಲಿಟ್ಟು, ವರ್ಷಕ್ಕೊಂದು ಉಂಗುರ, ಮಳೆ ಚೆನ್ನಾಗಿ ಆದ ವರ್ಷ ಅಗಲ, ಇಲ್ಲದ ವರ್ಷ ಕಿರಿದು ಎಂದು ತೋರಿಸಿದ್ದಳು. ಮನುಷ್ಯರ ಲೆಕ್ಕ ತಪ್ಪಬಹುದು, ಮರದ ಲೆಕ್ಕ ತಪ್ಪುವುದಿಲ್ಲ ಎಂದು ದೊಡ್ಡದಾಗಿ ಬೇರೆ ಹೇಳಿದ್ದಳು. ಪ್ರಶ್ನೆಪತ್ರಿಕೆ ಆ ಬಿಲ್ಲೆಯನ್ನು ಗುಂಡುಸೂಜಿಯ ತುದಿಯಿಂದ ಮೂರು ಸಲ ಎಣಿಸಿದಳು. ಮೂರು ಸಲವೂ ಅರವತ್ತೊಂದು.

ಮಂಗಳವಾರ ಊಟದ ಬಿಡುವಿನಲ್ಲಿ ಟೀಚರ್ ಹಳೆಯ ಕಡತಗಳ ಕೋಣೆ ಹೊಕ್ಕಳು. ಎಲ್ಲೋ ಒಂದು ಸಾಲು ಸಿಕ್ಕಬಾರದೇ, ನಾನು ಹೇಳಿದ್ದು ಹೇಗೋ ನಿಜವಾಗಿಬಿಡಬಾರದೇ ಎಂಬ ಆಸೆ. ಹಾಜರಿ ಪುಸ್ತಕಗಳ ಧೂಳಿಗೆ ಸೀನಿ ಸೀನಿ ಸಾಕಾಯಿತು. ಕಪಾಟಿನ ತಳದಲ್ಲಿ ಒಂದು ಫೋಟೋ ಸಿಕ್ಕಿತು. ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳು, ಹಿಂದೆ ಅದೇ ಗೇಟು, ಅದೇ ಮೂರು ಕಿಟಕಿ. ಹಿಂಬದಿಯಲ್ಲಿ ತಾರೀಕು ಇತ್ತು, ನಲವತ್ತೈದು ವರ್ಷ ಹಳೆಯದು. ಮರ ಇರಬೇಕಾದ ಜಾಗದಲ್ಲಿ ಒಬ್ಬ ಹುಡುಗ ಸೈಕಲ್ ಹಿಡಿದು ನಿಂತಿದ್ದ. ಮರ ಇರಲಿಲ್ಲ, ಗಿಡವೂ ಇರಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಯಾರದೋ ಚಪ್ಪಲಿ ಸದ್ದಾಯಿತು. ಯೋಚನೆಯೇ ಮಾಡದೆ ಫೋಟೋವನ್ನು ಕೈಚೀಲಕ್ಕೆ ತುರುಕಿದಳು. ಹನ್ನೊಂದು ವರ್ಷದ ಸುಳ್ಳಿಗೆ ಬಾಯಿ ತಪ್ಪಿತು ಎಂಬ ನೆಪವಾದರೂ ಇತ್ತು. ಈಗ ಮಾಡಿದ್ದಕ್ಕೆ ಯಾವ ನೆಪವೂ ಇರಲಿಲ್ಲ.

ಬುಧವಾರ ಹೆಡ್ ಮೇಡಂ ಮುಂದೆ ಬಾಯಿ ಬಿಡಲು ಎರಡು ಸಲ ಹೋದಳು. ಮೊದಲ ಸಲ ಅವರು ಕುರ್ಚಿ ಬಾಡಿಗೆಯವನ ಜೊತೆ ಜಗಳದಲ್ಲಿದ್ದರು. ಎರಡನೇ ಸಲ, “ಏನಿದ್ರೂ ಗುರುವಾರ ಕಳೀಲಿ ಮಾರಾಯ್ತಿ, ನನ್ನ ತಲೆ ಈಗಲೇ ಗಿರ್ರ್ ಅಂತಿದೆ,” ಎಂದರು. ಪ್ರಶ್ನೆಪತ್ರಿಕೆಯನ್ನಾದರೂ ಇದರಿಂದ ಬಿಡಿಸೋಣ, ನಾಳೆ ಅಧಿಕಾರಿಯ ಮುಂದೆ ಕಥೆ ಹೇಳಲು ಅವಳ ಬದಲು ಬೇರೆ ಯಾರನ್ನಾದರೂ ಹಾಕೋಣ ಎಂದುಕೊಂಡು ಗೇಟಿನ ಬಳಿ ಬಂದರೆ ಅಲ್ಲಿ ಹುಡುಗಿಯ ತಾಯಿ ನಿಂತಿದ್ದಳು. ಮೂಲೆಯ ಇಸ್ತ್ರಿ ಅಂಗಡಿ ಅವಳದು, ಬೆರಳ ತುದಿಗಳಲ್ಲಿ ಸುಟ್ಟ ಕಲೆ.

“ನಾಳೆ ಅಂಗಡಿ ಮುಚ್ಚಿ ಬರ್ತೀನಿ ಟೀಚರ್,” ಎಂದಳು ಆಕೆ. “ಮನೇಲಿ ನಾನು ಏನು ಹೇಳಿದ್ರೂ ನಂಬಲ್ಲ ಇವಳು, ಸಾಕ್ಷಿ ಕೇಳ್ತಾಳೆ. ನೀವು ಹೇಳಿದ್ರಿ ಅಂದ್ರೆ ಮಾತ್ರ ಮುಗೀತು, ಅದಕ್ಕೆ ಸಾಕ್ಷಿ ಬೇಡ.”

“ಬನ್ನಿ,” ಎಂದಳು ಟೀಚರ್.

ಗುರುವಾರ ಅಂಗಳದ ತುಂಬ ಕುರ್ಚಿ. ಒಂದನೆಯ ತರಗತಿಯ ಪುಟಾಣಿಗಳು ಅಧಿಕಾರಿಗೆ ಪದ್ಧತಿ ತೋರಿಸಲೆಂದು ಬಣ್ಣಬಣ್ಣದ ಮಗ್ಗುಗಳಲ್ಲಿ ನೀರು ಹಿಡಿದು ಸಾಲು ನಿಂತಿದ್ದವು, ಅರ್ಧ ನೀರು ಆಗಲೇ ಕಾಲ ಮೇಲೆ. ಪ್ರಶ್ನೆಪತ್ರಿಕೆ ಎರಡು ಜಡೆ ಬಿಗಿಯಾಗಿ ಹಾಕಿಕೊಂಡು ಕಥೆ ಹೇಳಿದಳು. ಕುಂಟುಗಾಲನ್ನೂ ಬಿಡಲಿಲ್ಲ, ಕೊಡೆಯನ್ನೂ ಬಿಡಲಿಲ್ಲ. ಇಸ್ತ್ರಿ ಅಂಗಡಿಯ ತಾಯಿ ಕಣ್ಣೊರೆಸಿಕೊಂಡಳು. ಟೀಚರ್ ಕೈಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

ಅಧಿಕಾರಿ ನಿಧಾನದ ಮನುಷ್ಯ. ಕಾಂಡಕ್ಕೆ ಟೊಳ್ಳು ಸೂಜಿಯಂಥ ಕೊರೆಯುವ ಉಪಕರಣ ಒತ್ತಿ, ಎರಡೂ ಕೈಯಲ್ಲಿ ತಿರುಗಿಸಿ, ಒಳಗಿಂದ ಪೆನ್ಸಿಲಿನಷ್ಟು ಸಣ್ಣ ಕಡ್ಡಿಯೊಂದನ್ನು ಹೊರಗೆಳೆದರು. ಅದರ ಮೇಲೆ ತೆಳ್ಳಗೆ ಅಡ್ಡ ಗೆರೆಗಳಿದ್ದವು. ಒಮ್ಮೆ ಕಣ್ಣು ಹಾಯಿಸಿದವರೇ ಹುಬ್ಬೇರಿಸಿ, ಆಮೇಲೆ ಮಕ್ಕಳ ಕಡೆ ತಿರುಗಿದರು.

“ಪತ್ರ ಬರೆದವರು ಯಾರು? ನೀನಾ? ಎಣಿಸೋಕೆ ಬರುತ್ತಾ?”

“ಬರುತ್ತೆ. ಟೀಚರ್ ಹೇಳಿಕೊಟ್ಟಿದ್ದಾರೆ.”

ಭೂತಗನ್ನಡಿ ಅವಳ ಕೈಗೆ ಬಂತು. ಹುಡುಗಿ ಮೇಜಿನ ಮೇಲೆ ಬಗ್ಗಿ, ಗುಂಡುಸೂಜಿ ತೆಗೆದು, ಒಂದೊಂದೇ ಗೆರೆ ಮುಟ್ಟುತ್ತಾ ಹೋದಳು. ತುಟಿ ಅಲ್ಲಾಡುತ್ತಿತ್ತು. ಸೂಜಿ ಕಡ್ಡಿಯ ತುದಿ ಮುಟ್ಟಿ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಮೊದಲಿಂದ ಹೊರಟಿತು. ಈ ಸಲ ತುಟಿ ಅಲ್ಲಾಡಲಿಲ್ಲ. ಎರಡನೇ ಸಲ ಮುಗಿಸಿ ಅವಳು ತಲೆಯೆತ್ತಿದ್ದು ಅಧಿಕಾರಿಯ ಕಡೆಗಲ್ಲ, ಟೀಚರ ಕಡೆಗೆ.

ಟೀಚರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಎಷ್ಟು ಬಂತು?” ಎಂದು ಅಧಿಕಾರಿ ಕೇಳಿದರು.

“ನೂರು,” ಎಂದಳು ಹುಡುಗಿ.

ಅಧಿಕಾರಿ ನಕ್ಕರು. “ಅಷ್ಟು ಬೇಗ ನೂರು ಆಯ್ತಾ? ಇನ್ನೊಂದ್ಸಲ ನೋಡು ಪುಟ್ಟಿ.”

“ನೂರೇ.” ಅವಳು ಸೂಜಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. “ಎರಡು ಸಲ ಎಣಿಸಿದೆ. ನೂರೇ ಬಂತು.”

ಅರ್ಧ ಅಂಕ ವಾಪಸು ಕೊಟ್ಟ ಹುಡುಗಿ ಅದು. ಇಷ್ಟು ಜನರೆದುರು ಕಣ್ಣಲ್ಲಿ ನೀರು ತುಂಬಿಕೊಂಡು ಸುಳ್ಳು ಹೇಳುತ್ತಿದ್ದಾಳೆ, ಅದೂ ತನಗಾಗಿ. ಮೂರು ದಿನದಿಂದ ಟೀಚರ್ ಹೆದರಿದ್ದು ಸಿಕ್ಕಿಬೀಳುವುದಕ್ಕೆ. ಅದಕ್ಕಿಂತ ಕೆಟ್ಟದ್ದು ಒಂದಿದೆ ಎಂದು ಹೊಳೆದೇ ಇರಲಿಲ್ಲ. ಮೇಜಿನ ಬಳಿ ಹೋಗಿ ಕೈಚೀಲದಿಂದ ಫೋಟೋ ತೆಗೆದಿಟ್ಟಳು.

“ಅವಳು ಸರಿಯಾಗೇ ಎಣಿಸಿದ್ದಾಳೆ. ನನ್ನ ಮರ್ಯಾದೆ ಉಳಿಸೋಕೆ ಬೇರೆ ಹೇಳ್ತಿದ್ದಾಳೆ,” ಎಂದಳು. ಫೋಟೋವನ್ನು ಅಧಿಕಾರಿಯ ಕಡೆ ಸರಿಸಿದಳು. “ನಲವತ್ತೈದು ವರ್ಷದ ಹಿಂದೆ ಇಲ್ಲಿ ಮರಾನೇ ಇರಲಿಲ್ಲ, ಈ ಫೋಟೋ ನೋಡಿ. ಮಂಗಳವಾರವೇ ಸಿಕ್ಕಿತ್ತು, ಬಚ್ಚಿಟ್ಟೆ. ಮೇಷ್ಟ್ರು, ಕೊಡೆ, ಚೊಂಬು, ಎಲ್ಲ ನಾನು ಕಟ್ಟಿದ ಕಥೆ. ತೊಗಟೆ ಸುಲೀಬಾರದು ಅಂತ ಶುರು ಮಾಡಿದೆ. ನಿಜ ಹೇಳೋಕೆ ಆಮೇಲೆ ಬೇಕಾದಷ್ಟು ದಿನ ಇತ್ತು, ಹೇಳಲಿಲ್ಲ.”

ಹೆಡ್ ಮೇಡಂ ಮುಖ ಕಪ್ಪಿಟ್ಟಿತು. “ಆಮೇಲೆ ನನ್ನ ಕೋಣೆಗೆ ಬನ್ನಿ,” ಎಂದಷ್ಟೇ ಹೇಳಿದರು. ಇಸ್ತ್ರಿ ಅಂಗಡಿಯ ತಾಯಿ ಒಮ್ಮೆ ಟೀಚರನ್ನು, ಒಮ್ಮೆ ಮಗಳನ್ನು ನೋಡಿ, ಸೆರಗು ಸರಿಪಡಿಸಿಕೊಂಡು ಹೊರಟುಹೋದಳು. ಅಧಿಕಾರಿ ಕಡ್ಡಿಯನ್ನು ಕಾಗದದಲ್ಲಿ ಸುತ್ತುತ್ತಾ, ಪಟ್ಟಿಗೆ ಸೇರಲು ಇನ್ನೂ ಬಹಳ ವರ್ಷ ಕಾಯಬೇಕು, ಆದರೆ ಮರ ಗಟ್ಟಿಮುಟ್ಟಾಗಿದೆ ಎಂದರು.

ಸಾಲಿನ ಮುಂದಿದ್ದ ಪುಟಾಣಿಯೊಂದಕ್ಕೆ ಇದ್ಯಾವುದೂ ಅರ್ಥವಾಗಿರಲಿಲ್ಲ. “ಟೀಚರ್, ನೀರು ಹಾಕ್ಲಾ ಬೇಡ್ವಾ? ಕೈ ನೋಯ್ತಾ ಇದೆ,” ಎಂದಿತು.

ಪ್ರಶ್ನೆಪತ್ರಿಕೆಯೇ ಮೂಗೊರೆಸಿಕೊಂಡು, “ಹಾಕು. ಬಿಸಿಲಿದೆಯಲ್ಲ,” ಎಂದಳು. ಮಗ್ಗುಗಳು ಒಂದೊಂದಾಗಿ ಬರಿದಾದವು.

ಜನ ಚದುರಿದ ಮೇಲೆ ಟೀಚರ್ ಮರದ ಬುಡದ ಕಟ್ಟೆಯ ಮೇಲೆ ಕೂತಳು. ಹೆಡ್ ಮೇಡಂ ಕೋಣೆಗೆ ಇನ್ನೂ ಹೋಗಬೇಕಿತ್ತು. ಸ್ವಲ್ಪ ಹೊತ್ತಿಗೆ ಹುಡುಗಿ, ಟೀಚರ್ ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತಿದ್ದ ತನ್ನ ನೋಟ್‌ಬುಕ್ ತಂದು ಪಕ್ಕದಲ್ಲಿ ಕೂತಳು. ದಿನಾ ಕೂರುವಷ್ಟು ಹತ್ತಿರ ಅಲ್ಲ, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.

“ನಿಜವಾಗ್ಲೂ ಎಷ್ಟು ಬಂದಿತ್ತು?” ಎಂದು ಟೀಚರ್ ಕೇಳಿದಳು.

“ಮೂವತ್ತೆಂಟು.”

ಹುಡುಗಿ ನೋಟ್‌ಬುಕ್ಕಿನ ಮೂಲೆಯನ್ನು ಮಡಚುತ್ತಾ, ಬಿಚ್ಚುತ್ತಾ ಇದ್ದಳು. ಕೊನೆಗೆ ಮುಖ ನೋಡದೆಯೇ ಕೇಳಿದಳು. “ಟೀಚರ್, ಬೇರೆ ಯಾವ್ಯಾವುದು?”

ಬೇರೆ ಯಾವುದೂ ಇಲ್ಲ, ಉಳಿದದ್ದೆಲ್ಲ ನಿಜ ಎನ್ನಲು ಟೀಚರ್ ಬಾಯಿ ತೆರೆದಳು. ತೆರೆದ ಬಾಯಿ ಮುಚ್ಚಿಕೊಂಡಳು.

“ಮೊದಲನೇ ಪುಟ ತೆಗಿ,” ಎಂದಳು.

ಮೊದಲನೇ ಪುಟದಲ್ಲಿ ಎರೆಹುಳ ಇತ್ತು. “ಇದು ನಿಜ. ಪುಸ್ತಕದಲ್ಲೂ ಓದಿದ್ದೀನಿ, ಅಗೆದೂ ನೋಡಿದ್ದೀನಿ.” ಹುಡುಗಿ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದಳು. ಎರಡನೆಯದು ಇರುವೆಗಳ ಸಾಲು, ಅದೂ ಸರಿ. ಮೂರನೆಯದರಲ್ಲಿ, ಹಿಂದಿನ ಕಾಲದಲ್ಲಿ ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಕುದುರೆಗಾಡಿಗಳು ಓಡಾಡುತ್ತಿದ್ದವು ಎಂದು ದುಂಡು ಅಕ್ಷರದಲ್ಲಿ ಬರೆದಿತ್ತು. ಟೀಚರ್ ಅದರ ಮೇಲೆ ಬೆರಳಿಟ್ಟಳು.

“ಇದು ನನಗೆ ಗೊತ್ತಿಲ್ಲ ಕಣೇ. ಇದ್ದಿರಬಹುದು ಅಂತ ಹೇಳಿದೆ.”

ಹುಡುಗಿ ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದಳು. ನೋಟ್‌ಬುಕ್ ಇನ್ನೂ ದಪ್ಪ ಇತ್ತು.