ಸೋರುವ ಯಂತ್ರಕ್ಕೆ ಗ್ಯಾಸ್

ಹನ್ನೊಂದು ವರ್ಷದ ಹಿಂದೆ, ಸಾಯುತ್ತಿದ್ದ ಅಕ್ಕನ ಕೈ ಹಿಡಿದು ಇಲೈತಿಯಾ ಮಾತು ಕೊಟ್ಟಿದ್ದ: "ನಿನ್ನ ಮಗಳು ಏನೇ ಕೇಳಲಿ, ಇಲ್ಲ ಅನ್ನೋದಿಲ್ಲ." ಮಾತು ಕೊಡದಿದ್ದರೂ ನಡೆಯುತ್ತಿತ್ತು. ಫಿಜಿಯಲ್ಲಿ ಅಕ್ಕನ ಮಕ್ಕಳು ಕೈ ಚಾಚಿದರೆ ಹಂದಿಯಾಗಲಿ ದೋಣಿಯಾಗಲಿ ಕೊಡಲೇಬೇಕು, ಸೋದರಮಾವ ಎದುರಾಡುವಂತಿಲ್ಲ.

ಆ ಮಗಳು ಸೆರೆಯಾನಾ ಈಗ ತನ್ನ ದ್ವೀಪದ ಶೀತಕೋಣೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಒಳಗೆ ಹೆಂಗಸರ ಸಂಘದ ಮುನ್ನೂರು ಕಿಲೋ ಅಂಜಲ್ ಮೀನು. ತಂಪು ಮಾಡುವ ಗ್ಯಾಸ್ ಬಹುಪಾಲು ಸೋರಿಹೋಗಿ ಯಂತ್ರ ಕೈಚೆಲ್ಲಿತ್ತು. ರಾಜಧಾನಿ ಸುವಾದಿಂದ ಹಡಗು ಬರುವುದು ಗುರುವಾರ. ಇವತ್ತು ಸೋಮವಾರ.

ಶೀತಯಂತ್ರ ರಿಪೇರಿಯೇ ಕಸುಬಾದ ಇಲೈತಿಯಾ ಸೋರಿಕೆ ಹುಡುಕಲು ಕೊಳವೆಗಳಿಗೆ ಸೋಪಿನ ನೀರು ಬಳಿದ. ಒಂದಲ್ಲ, ಏಳು ಕಡೆ ಗುಳ್ಳೆ ಎದ್ದವು.

"ಉಪ್ಪುಗಾಳಿ ಕೊಳವೆ ಸುರುಳಿಯನ್ನೇ ತಿಂದುಹಾಕಿದೆ ಕಣಮ್ಮ. ಹೊಸದು ಹಡಗಲ್ಲೇ ಬರಬೇಕು."

"ಬರಲಿ. ಅಲ್ಲೀತನಕ ಗ್ಯಾಸ್ ತುಂಬು, ಮಾವ. ಮೂರು ದಿನ ತಾನೆ?"

"ಸೋರೋ ಯಂತ್ರಕ್ಕೆ ತುಂಬಬಾರದು ಅಂತ ಕಾನೂನು."

"ಈಸ್ಟರಿಗೆ ತುಂಬಿದೆಯಲ್ಲ? ಆಗ ಕಾನೂನು ನಿದ್ದೆ ಹೊಡೀತಿತ್ತಾ?"

ಇಲೈತಿಯಾ ತಲೆ ತಗ್ಗಿಸಿದ. ತುಂಬಿದ್ದು ನಿಜ. ಅಕ್ಕನ ಮುಖ ನೆನೆದು, ರಿಪೇರಿ ಲೆಕ್ಕದ ಪುಸ್ತಕದಲ್ಲಿ 'ಸೋರಿಕೆ ಮುಚ್ಚಿದೆ' ಎಂದು ಸುಳ್ಳೂ ಬರೆದಿದ್ದ. ಆಗ ತುಂಬಿದ ನಾಲ್ಕು ಕಿಲೋ ಗ್ಯಾಸ್ ಆರೇ ವಾರದಲ್ಲಿ ಗಾಳಿಗೆ ಹೋಯಿತು. ಪರವಾನಗಿ ಕೊಡುವಾಗ ಕಲಿಸಿದವರು ಹೇಳಿದ್ದರು: ಈ ಗ್ಯಾಸ್ ಒಂದು ಕಿಲೋ ಹೊರಬಿದ್ದರೆ ಸಾವಿರಾರು ಕಿಲೋ ಹೊಗೆಯಷ್ಟು ಲೋಕವನ್ನು ಕಾಯಿಸಿ ಕಡಲನ್ನು ಉಬ್ಬಿಸುತ್ತದೆ. ಅದಕ್ಕೇ ಸರಕಾರ ಅದರ ಆಮದಿಗೂ ಮಿತಿ ಹಾಕಿತ್ತು.

"ನಾನು ಕೇಳ್ತಿರೋದು ಮಾವನನ್ನ, ಸರಕಾರವನ್ನಲ್ಲ. ಅಮ್ಮ ಇದ್ದಿದ್ರೆ ಹೀಗೆ ಕಲ್ಲಿನ ಹಾಗೆ ನಿಲ್ತಿದ್ದೆಯಾ?"

"ಹುಣ್ಣಿಮೆ ಬಂದ್ರೆ ಅವಳ ಗೋರಿಗೇ ಸಮುದ್ರ ನುಗ್ಗುತ್ತೆ, ಸೆರೆಯಾನಾ."

"ಅದು ನನ್ನ ಮೀನಿನಿಂದಾನಾ? ದೊಡ್ಡ ದೊಡ್ಡ ಊರಲ್ಲಿ ಕಂಬಳಿ ಹೊದ್ದು ಏಸಿ ಹಾಕ್ಕೊಂಡು ಮಲಗ್ತಾರಲ್ಲ, ಹೋಗಿ ಅವರನ್ನ ಕೇಳು!"

 ಇಲೈತಿಯಾ ತಾನು ತಂದಿದ್ದ ಗ್ಯಾಸ್ ಸಿಲಿಂಡರಿನ ತಿರುಪು ಬಿಗಿಮಾಡಿ ಪಕ್ಕಕ್ಕೆ ಸರಿಸಿದ.

"ಕೆಡೋ ಮೊದಲು ಮೀನಿಗೆ ಹೊಗೆ ಹಾಕಿ ಒಣಗಿಸೋಣ. ನಾನೂ ಕೊಯ್ಯೋಕೆ ಕೂರ್ತೀನಿ."

"ಹೊಗೆ ಮೀನನ್ನ ಹೋಟೆಲಿನವರು ಮೂಸಿಯೂ ನೋಡಲ್ಲ. ಹೆಂಗಸರಿಗೆ ಏನಂತ ಹೇಳ್ಲಿ?"

"ಮಾವ ಇಲ್ಲ ಅಂದ ಅಂತ ಹೇಳು."

ಸೆರೆಯಾನಾ ಅವನನ್ನು ಗುರುತೇ ಇಲ್ಲದವನಂತೆ ನೋಡಿದಳು. ಮೀನು ಕೊಯ್ಯಲು ಅವನು ಚಾಕು ಕೇಳಿದಾಗ ಸಂಘದ ಹೆಂಗಸರು ಯಾರೂ ಕೊಡಲಿಲ್ಲ. ಸಿಲಿಂಡರನ್ನು ಹೆಗಲಿಗೇರಿಸಿ ತಾನು ಬಂದಿದ್ದ ದೋಣಿಗೆ ನಡೆದ.

ಬುಧವಾರದ ಹೊತ್ತಿಗೆ ಹೆಂಗಸರು ಅರ್ಧ ಮೀನಿಗೆ ಹೊಗೆ ಹಾಕಿದ್ದರು, ಕೊಳೆತುಹೋದ ಉಳಿದರ್ಧವನ್ನು ಹೂತಿದ್ದರು. ಅಕ್ಕನಿಗೆ ಕೊಟ್ಟ ಮಾತನ್ನು ಇಲೈತಿಯಾ ಮುರಿದಿದ್ದ.