ಅವ್ವನ ಎದೆಗೆ ಎರಡನೇ ಸಲ

"ಒಂದ್ಸಲ ನಿಮ್ಮವ್ವನ್ ಎದೆ ಸುಡಿಸಿದ್ದು ಸಾಲ್ದೇನ್ಲಾ? ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬುಟ್ಟೋನು, ನಿಂಗ್ಯಾಕ್ಲಾ ಡಾಕ್ಟ್ರಾಟ?"

ಸೋದರಮಾವ ಮಹಾಲಿಂಗಯ್ಯ ಹೀಗಂದದ್ದು ಅಜ್ಜಿಯ ತಿಥಿಯ ದಿನ, ಪಂಕ್ತಿಯಲ್ಲಿ ಕೂತು. ಕೊಡಿಗೇನಹಳ್ಳಿಯ ನೆಂಟರೆಲ್ಲ ತುತ್ತು ಹಿಡಿದುಕೊಂಡೇ ತಲೆಯೆತ್ತಿದರು. ಸಾರು ಬಡಿಸುತ್ತಿದ್ದ ತಿಪ್ಪೇರುದ್ರನಿಗೆ ಬಕೆಟ್ಟನ್ನು ಆ ಎಲೆಗೇ ಬೋರಲು ಹಾಕಬೇಕೆನಿಸಿತು. ಹಲ್ಲು ಕಚ್ಚಿ ಒಂದು ಸೌಟು ಹಾಕಿ ಮುಂದೆ ಸರಿದ.

ಅವನ ತಾಯಿ ರಂಗಕ್ಕನ ಗುಂಡಿಗೆ ಲಯ ತಪ್ಪಿ ಬಡಿಯುತ್ತಿತ್ತು. ಹೋದ ಕಾರ್ತಿಕದಲ್ಲಿ ಬೆಂಗಳೂರಿನ ಡಾಕ್ಟರು ತೊಡೆಯ ಸಂದಿಯಿಂದ ತಂತಿ ಬಿಟ್ಟು, ಎದೆಯೊಳಗೆ ತಪ್ಪು ಬಡಿತ ಏಳುವ ಜಾಗ ಸುಟ್ಟಿದ್ದರು. ಅದಕ್ಕೆ ಅಬ್ಲೇಶನ್ ಅಂದಿದ್ದರು. ಈಗ ಅದೇ ಬಡಿತ ಮತ್ತೆ ಬಂದಿತ್ತು. ಇನ್ನೊಮ್ಮೆ ಮಾಡಬಹುದು, ನಿಲ್ಲುತ್ತದೆಂದು ಬರೆದುಕೊಡಲಾರೆ, ಬೇಡವಾದರೆ ಮಾತ್ರೆಯ ಮೇಲೇ ಇರಬಹುದು, ಮನೆಯಲ್ಲಿ ಯೋಚಿಸಿ ಎಂದಿದ್ದರು ಡಾಕ್ಟರು. ಮನೆಯವರೆಲ್ಲ ಯೋಚಿಸಿದರು, ಜಗಳವಾಡಿದರು; ತಿಪ್ಪೇರುದ್ರ ಮಾಡಿಸೋಣವೆಂದ, ಮಹಾಲಿಂಗಯ್ಯ ಬೇಡವೆಂದ. ರಂಗಕ್ಕನನ್ನು ಮಾತ್ರ ಯಾರೂ ಕೇಳಲಿಲ್ಲ. ತಿಪ್ಪೇರುದ್ರನೂ ಕೇಳಿರಲಿಲ್ಲ.

ಹಿತ್ತಲಿಗೆ ಬಂದಾಗ ಅವಳು ಒಗೆಯುವ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಅವನು ಬಕೆಟ್ ಕೆಳಗಿಟ್ಟ.

"ಯಾವಾಗಿಂದ್ಲವ್ವ ಇದು?"

"ಶಿವರಾತ್ರಿಯಿಂದ."

ಅವನು ಅವಳ ಪಕ್ಕ ಕೂತ. ಡಾಕ್ಟರು ಕೇಳಿದಾಗ ಅವಳು ಈಗೀಗ, ಸ್ವಲ್ಪವೇ ಎಂದಿದ್ದಳು. ಯಾಕೆ ಮುಚ್ಚಿಟ್ಟೆ ಎಂದು ರೇಗಿದ. ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು ನಿಧಾನವಾಗಿ ಹೇಳಿದಳು. ವಾಸಿಯಾದರೆ ದೀಪ ಹಚ್ಚುತ್ತೇನೆಂದು ಪಾವಗಡದ ಶನಿಮಹಾತ್ಮನಿಗೆ ಹರಕೆ ಹೊತ್ತಿದ್ದಳಲ್ಲ, ವಾಸಿಯಾಯಿತೆಂದು ಮಹಾಲಿಂಗಯ್ಯನೇ ಕಾರು ಮಾಡಿ ಕರೆದೊಯ್ದು ತೀರಿಸಿ ಬಂದಿದ್ದ. ತೀರಿಸಿದ ಮೇಲೆ ಕಾಯಿಲೆ ತಿರುಗಿ ಬಂತು ಅನ್ನಬಾರದು, ಅಂದರೆ ಕೊಟ್ಟದ್ದನ್ನು ದೇವರ ಮುಖಕ್ಕೇ ಎಸೆದಂತೆ. ಅದಕ್ಕೇ ಒಲೆಯ ಮುಂದೆ ಎದೆ ಹಾರಿದಾಗೆಲ್ಲ ಸೌದೆ ಹುಡುಕುವವಳಂತೆ ಬಗ್ಗಿ ಕೂರುತ್ತಿದ್ದಳು.

ಈಗಲಾದರೂ ಮಾಡಿಸೋಣ, ತಡವಾದಷ್ಟೂ ಕಾಯಿಲೆ ಹಟಕ್ಕೆ ಬೀಳುತ್ತದಂತೆ ಎಂದು ಅವನು ಗೋಗರೆದ.

"ಬ್ಯಾಡ ಕಣಪ್ಪ. ಮಾತ್ರೆ ನುಂಗ್ತೀನಿ, ರಕ್ತ ತೆಳ್ಳಗ್ ಮಾಡದ್ನೂ ಬುಡಕಿಲ್ಲ. ಇನ್ನೊಂದ್ಸಲ ಮಾಡ್ಸುದ್ರೆ ನೀವೆಲ್ಲಾ ಇನ್ನೊಂದ್ಸಲ ನನ್ ಮುಖ ನೋಡ್ತೀರ. ನಾನು ಇನ್ನೊಂದ್ಸಲ ನಗ್ತಾ ವಾಸಿಯಾದೋಳಂಗೆ ಓಡಾಡ್ಬೇಕು. ಸಾಕಾಗೈತೆ ನಂಗೆ."

ಡಾಕ್ಟರ ಬಳಿ ನಿಜ ಹೇಳುತ್ತೀಯಾ ಎಂದು ಕೇಳಿದ. ಕರೆದುಕೊಂಡು ಹೋಗು, ಎಲ್ಲಾ ಹೇಳುತ್ತೇನೆ, ಆದರೆ ಆ ಟೇಬಲ್ಲಿನ ಮೇಲೆ ಮತ್ತೆ ಮಲಗುವುದಿಲ್ಲ ಎಂದಳು. ಅವಳ ದನಿಯಲ್ಲಿ ಹಟವಿರಲಿಲ್ಲ. ಇದ್ದಿದ್ದರೆ ಅವನು ಜಗಳಕ್ಕೆ ಬೀಳುತ್ತಿದ್ದ.

ಒಳಗಿನಿಂದ ಯಾರೋ ಸಾರು ಸಾರು ಎಂದು ಕೂಗಿದರು. ರಂಗಕ್ಕ ಅವನ ಮಂಡಿಯ ಮೇಲೆ ಕೈಯಿಟ್ಟಳು.

"ಕ್ವಾಪ ಬಂತಾ ನನ್ಮ್ಯಾಲೆ?"

ತಿಪ್ಪೇರುದ್ರ ಆ ಕೈಯನ್ನು ಮೆಲ್ಲಗೆ ಎತ್ತಿ ಅವಳ ಮಡಿಲಲ್ಲಿಟ್ಟ. ಎದ್ದು, ಸಾರಿನ ಬಕೆಟ್ ಅಲ್ಲೇ ಬಿಟ್ಟು, ಹಿತ್ತಲ ಬಾಗಿಲು ದಾಟಿ, ಊರಾಚೆ ಹಿಂದೂಪುರದ ರಸ್ತೆ ಹಿಡಿದು ನಡೆದುಬಿಟ್ಟ.